ಎಲ್ಲ ಗುಳಿಗಳಲ್ಲೂ ಇರುವ ಒಂದು ಪರಮಾಣು

ಗುಳಿಯಪ್ಪದ ಕಾವಲಿಯ ಗುಳಿಗಳಿಗೆ ತುಪ್ಪ ಸವರುವಾಗ ಒಂದು ವಾಸನೆ ಬರುತ್ತದೆ ನೋಡಿ. ಬೆಲ್ಲ, ಬಾಳೆಹಣ್ಣಿನ ಹಿಟ್ಟು ಇನ್ನೂ ಬಿದ್ದಿರುವುದಿಲ್ಲ, ಆದರೂ ಬಿದ್ದ ಹಾಗೆ. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ಮುಂಬಯಿಯ ವಿಲೆ ಪಾರ್ಲೆಯ ಇದೇ ಅಡುಗೆಮನೆಯಲ್ಲಿ ನಾನು ವಿಜ್ಞಾನದ ನ್ಯಾಯಾಧೀಶೆಯಾಗಿದ್ದ ಒಂದು ಭಾನುವಾರ ನೆನಪಾಯಿತು.

ಆ ಪದವಿ ಕೊಟ್ಟವಳು ಅಕ್ಕ, ಜೋಗೇಶ್ವರಿಯಲ್ಲಿ ಭಾವನ ಜೊತೆ ಹೋಟೆಲು ನಡೆಸುವವಳು. ಅವಳ ಮಗಳು ಅಶ್ವಿನಿ ಭೌತಶಾಸ್ತ್ರದ ಸಂಶೋಧನೆಯಲ್ಲಿ ಮುಳುಗಿದ್ದಳು. ಯಾವಾಗ ಮುಗಿಯುತ್ತದೆಂದು ಅವಳಿಗೇ ತಿಳಿಯದು. ಅಷ್ಟರಲ್ಲಿ ಬಾಂದ್ರಾದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಒಪ್ಪಿದರೆ ಪ್ರಯೋಗಾಲಯ ಬಿಡಬೇಕು. ಮರುದಿನವೇ ಉತ್ತರ ಹೇಳಬೇಕು. ಅಕ್ಕ ಮಗಳನ್ನು ಎಳೆದುಕೊಂಡೇ ನಮ್ಮನೆಗೆ ಬಂದಳು.

"ನೀನು ಕಾನ್ವೆಂಟಿನಲ್ಲಿ ಕಲಿತವಳಲ್ವಾ? ಇವಳು ಎಂಥ ಮಾಡುವುದು ಅಂತ ಕೇಳು. ನಿನಗೆ ಅರ್ಥ ಆದ್ರೆ ಮುಂದುವರಿಸಲಿ. ಇಲ್ಲಾಂದ್ರೆ ಕಾಲೇಜು."

ಅಕ್ಕ ಕನ್ನಡ ಶಾಲೆಗೆ ಹೋದವಳು. ಕಾನ್ವೆಂಟಿನ ಸಿಸ್ಟರುಗಳು ವಿಶ್ವದ ರಹಸ್ಯವನ್ನೆಲ್ಲ ಕಲಿಸಿಬಿಡುತ್ತಾರೆಂದು ಅವಳ ಎಣಿಕೆ. ನನಗೆ ಬಂದದ್ದು ಕ್ರಾಸ್ ಸ್ಟಿಚ್, ದುಂಡಗಿನ ಅಕ್ಷರ, ಮತ್ತು ಸದ್ದಾಗದಂತೆ ಬಾಗಿಲು ಮುಚ್ಚುವುದು.

ಅವತ್ತೂ ಒಲೆಯ ಮೇಲೆ ಗುಳಿಯಪ್ಪ ಬೇಯುತ್ತಿತ್ತು. ಅಶ್ವಿನಿ ಒಂದು ಕೈಯಲ್ಲಿ ಗುಳಿಯಪ್ಪ ಹಿಡಿದು, ಇನ್ನೊಂದರಲ್ಲಿ ಕಾವಲಿ ತೋರಿಸಿದಳು. "ಚಿಕ್ಕಮ್ಮ, ಸಮಝೋ ಇದು ಬೆಳಕಿನ ಕಾವಲಿ. ಲೇಸರ್ ಎದುರುಬದುರು ಬಿಟ್ರೆ ಬೆಳಕಿನಲ್ಲೇ ಗುಳಿ ಆಗ್ತದೆ. ಅದರೊಳಗೆ ಅನಿಲದ ಪರಮಾಣುಗಳು. ತುಂಬಾ ತುಂಬಾ ತಣ್ಣಗೆ."

"ಫ್ರಿಜ್ಜಿನಷ್ಟಾ?" ಎಂದಳು ಅಕ್ಕ.

"ಅಮ್ಮಾ! ಅದರ ಮುಂದೆ ನಿನ್ನ ಫ್ರಿಜ್ಜು ತಂದೂರ್!"

ಆಮೇಲೆ ಲೇಸರ್ ಫಟ್ಟನೆ ಬಂದ್ ಮಾಡಿ, ಹರಡಿಕೊಳ್ಳುವ ಪರಮಾಣುಗಳ ಫೋಟೋ ತೆಗೆಯುತ್ತಾರಂತೆ. ಫೋನಿನಲ್ಲಿ ತೋರಿಸಿದಳು: ನಡುವೆ ಒಂದು ಹೊಳೆಯುವ ಚುಕ್ಕಿ, ಸುತ್ತ ಸಮ ಅಂತರದಲ್ಲಿ ಸಣ್ಣ ಚುಕ್ಕಿಗಳು. ಒಂದೊಂದು ಪರಮಾಣುವೂ ಎಲ್ಲ ಗುಳಿಗಳಿಗೆ ಹರಡಿದ ಅಲೆಯಂತೆ. ಆ ಅಲೆಗಳು ಕೆಲವೆಡೆ ಕೂಡಿಕೊಂಡು, ಕೆಲವೆಡೆ ಒಂದನ್ನೊಂದು ಅಳಿಸಿ ಹೀಗಾಗುತ್ತದಂತೆ. ಪರಮಾಣುಗಳು ತಂತಮ್ಮ ಗುಳಿಯಲ್ಲೇ ಕೂತಿದ್ದರೆ ಬರೀ ಮಸುಕಂತೆ.

"ಅಂದ್ರೆ ಒಂದೇ ಪರಮಾಣು ಎಲ್ಲಾ ಗುಳಿಯಲ್ಲಿ? ತುಂಡು ತುಂಡಾಗಿ?" ಕೇಳಿದೆ.

"ತುಂಡಾಗಿ ಅಲ್ಲ ಚಿಕ್ಕಮ್ಮ, ಇಡೀದೇ. ಯಾವುದರಲ್ಲಿ ಅಂತ ಹೇಳ್ಲಿಕ್ಕೇ ಆಗುದಿಲ್ಲ."

"ಇಣುಕಿ ನೋಡು ಮಾರಾಯ್ತಿ!" ಅಕ್ಕನಿಗೆ ತಾಳ್ಮೆ ಮುಗಿದಿತ್ತು.

"ಇಣುಕಿದ್ರೆ ಒಂದರಲ್ಲೇ ಸಿಗ್ತದೆ. ಮತ್ತೆ ಈ ಚುಕ್ಕಿ ಬರುದಿಲ್ಲ."

"ಬೆಂದಿದೆಯಾ ಅಂತ ನೋಡದೆ ಬಡಿಸುವವನನ್ನು ನಮ್ಮ ಹೋಟೆಲಿನಲ್ಲಿ ಒಂದು ದಿನವೂ ಇಟ್ಟುಕೊಳ್ಳುದಿಲ್ಲ!"

ನನ್ನ ತಲೆ ಸಂಜೆಯ ಲೋಕಲ್ ರೈಲಿನಂತಾಗಿತ್ತು. ಎಲ್ಲರೂ ಹತ್ತಿದರು, ಯಾರೂ ಇಳಿಯಲಿಲ್ಲ.

"ಈಗ ಹೇಳು. ಅರ್ಥ ಆಯ್ತಾ?" ಅಕ್ಕ ನನ್ನತ್ತ ತಿರುಗಿದಳು. ಅಶ್ವಿನಿಯೂ ನೋಡಿದಳು. ಅವಳ ಕೈಯಲ್ಲಿ ಒಂದೇ ಕಚ್ಚು ಕಚ್ಚಿದ ಗುಳಿಯಪ್ಪ ಹಾಗೇ ಉಳಿದಿತ್ತು. ಅದರ ಮೇಲಿನ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕಾವಲಿಯಿಂದ ಎತ್ತುವ ಮೊದಲೇ ಕೈಯೊಡ್ಡುವ ಹುಡುಗಿ ಇವಳು.

"ಇಲ್ಲಕ್ಕ, ಏನೂ ಆಗ್ಲಿಲ್ಲ. ಆದ್ರೆ ಅವಳ ಕೈ ನೋಡು. ತಿನ್ಲಿಕ್ಕೇ ಮರೆತಿದ್ದಾಳೆ."

ಅಕ್ಕ ನೋಡಿದಳು. ತಣಿದದ್ದನ್ನು ತೆಗೆದು ಬಿಸಿಯದೊಂದನ್ನು ಮಗಳ ಕೈಯಲ್ಲಿಟ್ಟಳು. "ಕಾಲೇಜಿಗೆ ಬೇಡ ಅಂತ ಹೇಳು. ಚಿಕ್ಕಮ್ಮನಿಗೇ ತಿಳಿಸಲಿಕ್ಕೆ ಆಗದವಳು ಅಲ್ಲಿ ಹೋಗಿ ಎಂಥ ಪಾಠ ಮಾಡುದು!"

ಇವತ್ತು ಹಿಟ್ಟು ಹೊಯ್ಯುವಷ್ಟರಲ್ಲಿ ಅಶ್ವಿನಿಯ ಹೊಸ ಫೋಟೋ ಬಂತು. ಚುಕ್ಕಿಗಳಿಲ್ಲ, ಬರೀ ಮಸುಕು. "ಇದೇ ಬೇಕಿತ್ತು ಚಿಕ್ಕಮ್ಮ!" ಎಂದು ಬರೆದಿದ್ದಾಳೆ. ಅಂದು ಚುಕ್ಕಿಗೆ ಕುಣಿದವಳು ಇಂದು ಮಸುಕಿಗೆ ಕುಣಿಯುತ್ತಾಳೆ. ಮೊದಲಾದರೆ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದೆ. ಈಗ "ಯಾಕೆ?" ಎಂದು ಕೇಳಿದ್ದೇನೆ. ಬರುವ ಉತ್ತರ ಅರ್ಥವಾಗದು, ಗೊತ್ತು. ಆದರೂ ಒಲೆ ಸಣ್ಣ ಮಾಡಿ ಕಾಯುತ್ತಿದ್ದೇನೆ.