ಮುಲಾಮಿನ ಡಬ್ಬಿ

"ನಿನ್ನ ಮಗಳು ಯಾವುದರಾಗೂ ನಿನ್ನಂಗ ಇಲ್ಲ ಬಿಡ" ಎಂದು ಯಾರಾದರೂ ಅಂದರೆ ಭೋಜ ಗ್ರಾಮದ ಸುಂದರಾಗೆ ಸಿಟ್ಟು ಬರುತ್ತಿರಲಿಲ್ಲ, ಹಿಗ್ಗು ಬರುತ್ತಿತ್ತು. ಅವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ತಂಬಾಕಿನ ಹೊಲ ಸೇರಿದವಳು. ಮಗಳು ಶುಭಾಂಗಿ ಈಗ ಒಂಬತ್ತನೆಯ ತರಗತಿ. ಪದ್ಯ ಓದಲು ನಿಂತರೆ ಪಕ್ಕದ ವರ್ಗದವರೂ ಕಿವಿಗೊಡುತ್ತಿದ್ದರು. ಇಂಥ ಹುಡುಗಿ ತಾಯಿಯಂತೆ ಯಾಕಾದರೂ ಇರಬೇಕು?

ಸುಂದರಾಗೆ ಇದ್ದ ಚಟ ಒಂದೇ, ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆಳಗಾದರೆ ಅದರಿಂದಲೇ ಹಲ್ಲುಜ್ಜಬೇಕು. ಹಲ್ಲುಜ್ಜುವುದು ಹೆಸರಿಗೆ ಮಾತ್ರ. ದಿನಕ್ಕೆ ಐದು ಸಲ ಯಾರು ಹಲ್ಲುಜ್ಜುತ್ತಾರೆ? ಓಣಿಯ ಹೆಂಗಸರೆಲ್ಲ ತಿಕ್ಕುವವರೇ ಆದ್ದರಿಂದ ಅದಕ್ಕೆ ಯಾರೂ ಚಟ ಅನ್ನುತ್ತಿರಲಿಲ್ಲ.

ಕಳೆದ ವರ್ಷ ಶುಭಾಂಗಿಯ ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿತು. ಎರಡು ದಿನ ಊಟ ಬಿಟ್ಟು ಅತ್ತಳು. ನಿಪ್ಪಾಣಿಯ ದವಾಖಾನೆಗೆ ಹೋದರೆ ಕೂಲಿ ತಪ್ಪುತ್ತದೆಂದು ಸುಂದರಾ ತನ್ನ ಮಿಶ್ರಿ ಡಬ್ಬಿಯನ್ನೇ ಮುಂದೆ ಹಿಡಿದಳು.

"ಒಂದ ಚಿಮಟಿ ತಿಕ್ಕ, ನೋವ ಹೋಗ್ತೈತಿ."

ಹೋಯಿತು. ಸುಂದರಾಗೂ ಅವಳವ್ವ ಹೀಗೆಯೇ ಕೊಟ್ಟಿದ್ದಳು. ಶಾಲೆಯಲ್ಲಿ ನೋವು ಬಂದರೆ ಇರಲಿ ಎಂದು ಹಳೆಯ ಮುಲಾಮಿನ ಡಬ್ಬಿಯೊಂದಕ್ಕೆ ಮಿಶ್ರಿ ತುಂಬಿ, ತಾನೇ ಪಾಟೀಚೀಲಕ್ಕೆ ಹಾಕಿ ಕಳಿಸಿದಳು.

ಆಮೇಲೆ ಶುಭಾಂಗಿ ಪದ್ಯ ಓದುವುದನ್ನು ನಿಲ್ಲಿಸಿದಳು. ಅಂಕ ಇಳಿದವು. ಮನೆಯಲ್ಲೂ ಓಢಣಿ ಅಡ್ಡ ಹಿಡಿದು ಮಾತಾಡತೊಡಗಿದಳು. ಹುಡುಗಿ ದೊಡ್ಡವಳಾದಳು, ನಾಚಿಕೆ ಬಂದಿದೆ ಎಂದುಕೊಂಡಳು ಸುಂದರಾ. ತನ್ನ ಡಬ್ಬಿ ಬೇಗ ಬೇಗ ಖಾಲಿಯಾಗುವುದನ್ನು ಕಂಡೂ ಕಾಣದಂತಿದ್ದು, ತಪ್ಪನ್ನೆಲ್ಲ ಮೊಬೈಲಿನ ಮೇಲೆ ಹೊರಿಸಿ ಅದನ್ನು ಕಸಿದಿಟ್ಟಳು.

ಪಾಲಕರ ಸಭೆಗೆ ಕರೆ ಬಂತು. ಓದಿದವರ ನಡುವೆ ಕೂರುವ ಅಳುಕಿಗೆ ಸುಂದರಾ ಗೇಟಿನ ಹೊರಗೆ ನಿಂತು ಒಂದು ಚಿಮಟಿ ತಿಕ್ಕಿಕೊಂಡೇ ಒಳಗೆ ಹೋದಳು.

ಸಾರಿಕಾ ಟೀಚರು ಶುಭಾಂಗಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಅವಳ ಚೀಲದಲ್ಲಿ ಸಿಕ್ಕ ಮುಲಾಮಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ತಾಸಿಗೊಮ್ಮೆ ಹೊರಗ ಹೋಗ್ತಾಳ. ಬಿಡಲಿಲ್ಲಂದ್ರ ತಲಿ ಹಿಡ್ಕೊಂಡ ಕುಂದರ್ತಾಳ. ಪಾಠ ಎಲ್ಲಿಂದ ತಲಿಗೆ ಹೋಗಬೇಕ? ಸಾಲಿಗೆ ಹಲ್ಲಿನ ಡಾಕ್ಟರ್ ಬಂದಾಗ ಬಾಯೀನ ತೆಗೀಲಿಲ್ಲ. ಇದನ್ನ ಯಾರ ಕೊಟ್ರ, ಶುಭಾಂಗಿ?"

ಶುಭಾಂಗಿ ತಾಯಿಯತ್ತ ನೋಡಲಿಲ್ಲ. "ಯಾರೂ ಇಲ್ರಿ. ಅಂಗಡ್ಯಾಗ ನಾನ ತಗೊಂಡೀನ್ರಿ. ನಮ್ಮವ್ವಗ ಗೊತ್ತಿಲ್ರಿ."

"ನೀವರೆ ಹೇಳ್ರಿ," ಅಂದರು ಟೀಚರು.

ಸುಂದರಾ ಬಾಯಿ ತೆರೆಯುವಂತಿರಲಿಲ್ಲ. ಬಾಯಿ ತುಂಬ ಮಿಶ್ರಿಯ ಎಂಜಲು. ಉಳಿದ ಪಾಲಕರು ಹುಡುಗಿಯನ್ನೇ ದಿಟ್ಟಿಸುತ್ತಿದ್ದರು. ಸುಮ್ಮನಿದ್ದರೆ ತಾನು ಪಾರು, ಕೆಟ್ಟ ಹೆಸರು ಮಗಳಿಗೆ. ಅವಳು ಎದ್ದು ಕಿಟಕಿಗೆ ಹೋಗಿ, ಎಲ್ಲರೆದುರೇ ಉಗುಳಿ ಬಂದಳು.

"ಡಬ್ಬಿ ನಂದ್ರಿ ಅಕ್ಕೋರ. ತುಂಬಿ ಕೊಟ್ಟಾಕಿ ನಾನ. ಬೈಯೂದಿದ್ರ ನನಗ ಬೈರಿ."

ಯಾರೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಟೀಚರು ಮೆಲ್ಲಗೆ ಹುಡುಗಿಯ ಗದ್ದ ಎತ್ತಿದರು.

"ಬಾಯಿ ತಗಿ ತಂಗಿ, ನೋಡೂಣು."

ವರ್ಷವಿಡೀ ಮುಚ್ಚಿಟ್ಟ ಬಾಯನ್ನು ಶುಭಾಂಗಿ ತೆರೆದಳು. ಮಗಳು ಯಾವುದರಲ್ಲೂ ತನ್ನಂತಿಲ್ಲ ಎಂದು ಹಿಗ್ಗುತ್ತಿದ್ದ ಸುಂದರಾ ಬಗ್ಗಿ ನೋಡಿದಳು. ಕರಿಗಟ್ಟಿದ ಹಲ್ಲು ಥೇಟ್ ತನ್ನವೇ ಆಗಿದ್ದವು.