ನೀರುಹುಳುಗಳಿಗೆ ನೆಲೆ ಹುಡುಕಿದ ಒತಿಲಿಯಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಟ್ಟಿಗೆ ಗೂಡಿನ ಹಿಂದಿನ ಹೊಂಡದಲ್ಲಿ ಮೊಣಕಾಲುದ್ದ ನೀರಿಗಿಳಿದ ಒತಿಲಿಯಾ ಸೊಲಾನೊ ಒಂದು ಹುಲ್ಲಿನ ಕಟ್ಟನ್ನು ಮೇಲೆತ್ತುತ್ತಾರೆ. ಎಸಳೆಸಳಿಗೂ ಸಣ್ಣ ರವೆ ಮೆತ್ತಿದಂತೆ ಮೊಟ್ಟೆಗಳು. ಮೂಗಿನ ಹತ್ತಿರ ಹಿಡಿದು, "ಸರೋವರದ್ದೇ ವಾಸ್ನೆ" ಎನ್ನುತ್ತಾರೆ. ಆಮೇಲೆ ಕೊಡವದೆ ಅದನ್ನು ಮತ್ತೆ ನೀರಲ್ಲೇ ನೆಡುತ್ತಾರೆ.

ಕೊಡವಿ ಒಣಗಿಸಿದ್ದರೆ ಅದೇ ಅಹುವಾಟ್ಲೆ. ಟೆಸ್ಕೋಕೊ ಸರೋವರದ ದಂಡೆಯ ನಮ್ಮ ಮನೆಗಳಲ್ಲಿ ಹಬ್ಬವೆಂದರೆ ಈ ನೀರುಹುಳುಗಳ ಮೊಟ್ಟೆಯನ್ನು ಬೀಸಿ, ಕೋಳಿಮೊಟ್ಟೆಯಲ್ಲಿ ಕಲಸಿ ಕರಿದ ವಡೆ. ಮದುವೆಯಾಗಿ ಬಂದಾಗ ಒತಿಲಿಯಾ ಒಂದು ಬೆಳಗಿಗೆ ಎರಡು ಬುಟ್ಟಿ ತುಂಬುತ್ತಿದ್ದರು. ಬರಬರುತ್ತಾ ಬೇಸಿಗೆ ಬಲಿಯಿತು, ನೀರು ಹಿಂದೆ ಸರಿಯಿತು, ಬುಟ್ಟಿ ಬೊಗಸೆಯಾಯಿತು. ಜೊತೆಯವರೆಲ್ಲ ಬೇರೆ ಕೆಲಸ ಹಿಡಿದರು. ಇವರೂ ಹಗಲು ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬು ಮಾರುತ್ತಾರೆ. ಬೆಳಗು ಮಾತ್ರ ನೀರಿನದೇ.

ಕಳೆದ ವರ್ಷ ಮಳೆಗೆ ಮುಂಚೆ ಸರೋವರದ ನಮ್ಮ ಮೂಲೆಯಲ್ಲಿ ಉಳಿದದ್ದು ಒಂದು ಚಾಪೆಯಗಲದ ಕೆಸರು ನೀರು. ಅದರಲ್ಲಿ ಹುಳುಗಳು ಒಂದರ ಮೇಲೊಂದು ಒದ್ದಾಡುತ್ತಿದ್ದವು. ಒತಿಲಿಯಾ ಬಲೆಯಲ್ಲಿ ಮೊಗೆದು, ಬಕೆಟ್ಟಿಗೆ ತುಂಬಿ, ಸೈಕಲ್ಲಿಗೆ ಕಟ್ಟಿ ಈ ಹೊಂಡಕ್ಕೆ ತಂದರು. ಗೂಡಿನ ಯಜಮಾನ ನಿಕಾಂದ್ರೊ ನಕ್ಕೇ ನಕ್ಕ.

"ಅಕ್ಕಾ, ಇಟ್ಟಿಗೆ ಕೇಳೋರು ಬರ್ತಾರೆ. ಹುಳಕ್ಕೆ ಬಾಡಿಗೆ ಮನೆ ಕೇಳ್ಕೊಂಡು ಬಂದೋಳು ನೀನೇ ಮೊದಲು!"

"ನಿನ್ನ ಸೊಳ್ಳೆಮರಿ ತಿಂದು ಬಾಡಿಗೆ ತೀರಿಸ್ತಾವೆ, ಸುಮ್ನಿರು."

ಮಾರನೆಯ ಬೆಳಗ್ಗೆ ಅರ್ಧಕ್ಕರ್ಧ ಸತ್ತು ತೇಲುತ್ತಿದ್ದವು. "ದಂಡೆ ಮೇಲೆ ಕೂತು ಅತ್ತುಬಿಟ್ಟೆ. ನಾನೇ ಕೊಂದೆನೇನೋ ಅನ್ನಿಸ್ತು" ಎನ್ನುತ್ತಾರೆ. ಆದರೂ ಹುಲ್ಲಿನ ಕಟ್ಟು ನೆಡುವುದನ್ನು ನಿಲ್ಲಿಸಲಿಲ್ಲ. ಈ ಮಳೆಗಾಲ ಮೊಟ್ಟೆ ಮೆತ್ತಿ ಎಸಳುಗಳು ಬೆಳ್ಳಗಾದವು.

ಮನೆಯಲ್ಲಿ ಜಗಳ ಶುರುವಾದದ್ದು ಆಗಲೇ. ಈಗ ಇವರ ಜೊತೆಗಿರುವ, ತೊಂಬತ್ತು ದಾಟಿದ ತಾಯಿ ಬ್ರಿಹಿದಾಗೆ ಸುದ್ದಿ ಮುಟ್ಟಿತ್ತು.

"ಸಾಯೋ ಮುದುಕಿಗೆ ಒಂದು ವಡೆ ಕರಿಯಕ್ಕಾಗಲ್ವೇನೇ? ಹುಳ ಹೆಚ್ಚಾಯ್ತಾ ನಿಂಗೆ?"

"ಇವು ಮರಿ ಆಗ್ಲಿ ಅವ್ವಾ. ಬರೋ ವರ್ಷ ಕರೀತೀನಿ."

"ಬರೋ ವರ್ಷ ನಾನಿರ್ತೀನಾ?"

ಅಂದಿನಿಂದ ಮುದುಕಿ ಮಾತು ಬಿಟ್ಟರು. ಕೊನೆಗೊಂದು ಬೆಳಗ್ಗೆ ತಾವಾಗಿಯೇ ಗೋಡೆ ಹಿಡಿದುಕೊಂಡು ಹೊಂಡಕ್ಕೆ ಬಂದು, ಮೊಟ್ಟೆ ಮೆತ್ತಿದ ಎಸಳೊಂದನ್ನು ಬೆರಳಲ್ಲಿ ಸವರಿದರು. "ಇಟ್ಬಿಡು ನೀರೊಳಗೆ, ಬಿಸಿಲು ಬಿದ್ದೀತು" ಎಂದು ತಾವೇ ಹೇಳಿದರು.

ಮೊದಲ ಮರಿಗಳು ಈಗ ಕಾಲನ್ನೇ ಹುಟ್ಟಾಗಿಸಿ ನೀರಲ್ಲಿ ಈಜುತ್ತಿವೆ. ಸರೋವರದ ಆ ಮೂಲೆಯಲ್ಲೂ ಮಳೆಯ ನೀರು ಒಂದಿಷ್ಟು ನಿಂತಿದೆ. ಇವನ್ನು ಮತ್ತೆ ಹೊತ್ತು ಅಲ್ಲಿಗೆ ಬಿಡುತ್ತೀರಾ ಎಂದು ಕೇಳುತ್ತೇನೆ.

"ನಾನ್ಯಾಕೆ ಹೊರಲಿ? ಬಲಿತ ಮೇಲೆ ರೆಕ್ಕೆ ಬರ್ತಾವೆ, ತಾವೇ ಹಾರ್ಕೊಂಡು ಹೋಗ್ತಾವೆ." ಒದ್ದೆ ಲಂಗ ಹಿಂಡುತ್ತಾ ಸರೋವರದ ಕಡೆ ನೋಡುತ್ತಾರೆ. "ಹಿಂದೆ ಅಲ್ಲಿ ನೀರಿಗಿಳಿದ್ರೆ ಕಾಲಿಗೆಲ್ಲ ಮುತ್ಕೊಂಡು ಕಚಗುಳಿ ಇಡೋವು. ಹೆಂಗಸರೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಇನ್ನೊಂದ್ಸಲ ಹಂಗೆ ನಗಬೇಕು, ನೋಡು. ಅಷ್ಟೇ."