ಲ್ಯಾಬ್ ಅಕ್ಕನ ರೀಡಿಂಗ್

ಎಡಗೈ ಬ್ಯುರೆಟ್ಟೆಂಬ ಅಳತೆಗೊಳವೆಯ ತಿರುಪಿನ ಮೇಲಿದೆ, ಬಲಗೈ ಕೆಳಗಿನ ಗಾಜಿನ ಸೀಸೆಯನ್ನು ಮೆಲ್ಲಗೆ ಆಡಿಸುತ್ತಿದೆ. ಮೇಲಿನಿಂದ ಕಡು ನೇರಳೆಯ ಹನಿಯೊಂದು ಬೀಳುತ್ತದೆ, ಸೀಸೆಯಲ್ಲಿರುವ ನೀರಿನಂಥ ದ್ರಾವಣವನ್ನು ಮುಟ್ಟುತ್ತದೆ, ಮಾಯವಾಗುತ್ತದೆ. ಮತ್ತೊಂದು ಹನಿ. ಅದೂ ಮಾಯ. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಬ್ಬರೇ ನಿಂತಿರುವ ಈ ಹೆಂಗಸಿಗೆ ಐವತ್ತಾರು ವರ್ಷ. ಕಡತದಲ್ಲಿ ಅವರು ‘ಪ್ರಯೋಗಾಲಯ ಸಹಾಯಕಿ’. ಮಕ್ಕಳ ಬಾಯಲ್ಲಿ, ಮೇಷ್ಟ್ರುಗಳ ಬಾಯಲ್ಲಿ, ಲ್ಯಾಬ್ ಅಕ್ಕ.

ಇವತ್ತು ವಾರ್ಷಿಕ ಪ್ರಾಯೋಗಿಕ ಪರೀಕ್ಷೆ. ಒಂಬತ್ತು ಗಂಟೆಗೆ ಮೊದಲ ತಂಡದ ಮೂವತ್ತೆರಡು ಮಕ್ಕಳು ಬರುತ್ತಾರೆ, ಮಧ್ಯಾಹ್ನ ಇನ್ನೂ ಮೂವತ್ತೆರಡು. ಎಷ್ಟು ನೇರಳೆ ದ್ರಾವಣ ಹಾಕಿದರೆ ಸೀಸೆಯಲ್ಲಿರುವ ಕಬ್ಬಿಣದ ಲವಣ ಪೂರ್ತಿ ತೀರುತ್ತದೆ ಎಂದು ಅವರು ಅಳೆಯಬೇಕು. ಅದಕ್ಕೂ ಮುಂಚೆ ಅಕ್ಕ ಅಳೆದಿಡುತ್ತಾರೆ. ಅವರು ಚೀಟಿಯಲ್ಲಿ ಬರೆದುಕೊಟ್ಟ ಅಂಕಿಯೇ ಸರಿಯುತ್ತರ. ಅದಕ್ಕೆ ಹತ್ತಿರ ಬಂದವರಿಗೆ ಪೂರ್ತಿ ಅಂಕ, ದೂರ ಹೋದವರಿಗೆ ಅರ್ಧ, ಇನ್ನೂ ದೂರ ಹೋದವರಿಗೆ ಸೊನ್ನೆ. ಪಾಠ ಮಾಡುವ ಮೇಡಂ ತಾವೇ ಅಳೆಯಬೇಕೆಂಬುದು ನಿಯಮ. ಆದರೆ ಅಕ್ಕನ ಕಣ್ಣಿರುವಾಗ ಆ ತೊಂದರೆಯನ್ನು ಯಾರೂ ತೆಗೆದುಕೊಂಡಿಲ್ಲ.

ಅಕ್ಕ ಓದಿದ್ದು ಹತ್ತನೇ ತರಗತಿ. ಗುಡಿಸುವ ಕೆಲಸಕ್ಕೆಂದು ಬಂದವರು ಅವರು. ಗಾಜು ತೊಳೆಯುತ್ತ, ಬಾಟಲಿಗಳ ಚೀಟಿ ಓದುತ್ತ, ಪಾಠ ನಡೆಯುವಾಗ ಬಾಗಿಲ ಪಕ್ಕ ನಿಂತು ಕೇಳುತ್ತ ಇಪ್ಪತ್ತಾರು ವರ್ಷ ಕಳೆದಿವೆ. ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆಯನ್ನು ಅವರು ಹೇಳುವಷ್ಟು ಸಲೀಸಾಗಿ ಪುಸ್ತಕವೂ ಹೇಳುವುದಿಲ್ಲ.

“ಇದೇನು ದೊಡ್ಡ ಬ್ರಹ್ಮವಿದ್ಯೆ ಅಲ್ಲ. ಒಂದು ಕೊಡತ್ತೆ, ಇನ್ನೊಂದು ತಗೊಳ್ಳತ್ತೆ, ಅಷ್ಟೇ. ಕೆಳಗಿರೋ ಕಬ್ಬಿಣ ಎಲೆಕ್ಟ್ರಾನ್ ಕೊಡತ್ತೆ, ಅದು ಆಕ್ಸಿಡೇಶನ್. ಮೇಲಿಂದ ಬೀಳೋ ನೇರಳೆ ಅದನ್ನ ಈಸ್ಕೊಳ್ಳತ್ತೆ, ಅದು ರಿಡಕ್ಷನ್. ಈಸ್ಕೊಂಡ ತಕ್ಷಣ ಅದರ ಬಣ್ಣ ಹೋಗತ್ತೆ. ಒಬ್ಬರು ಕೊಡದೆ ಇನ್ನೊಬ್ಬರಿಗೆ ಸಿಗಲ್ಲ, ಎರಡೂ ಒಟ್ಟಿಗೇ ಆಗಬೇಕು. ಕೊಡೋಕೆ ಇದ್ದದ್ದೆಲ್ಲ ಖಾಲಿಯಾಯ್ತು ಅನ್ನಿ, ಆಮೇಲೆ ಬಿದ್ದ ಹನಿ ಬಣ್ಣ ಉಳಿಸ್ಕೊಂಡು ಕೂತ್ಕೊಳ್ಳತ್ತೆ. ತಿಳಿಗುಲಾಬಿ. ಅಲ್ಲಿಗೆ ನಿಲ್ಲಿಸಬೇಕು.”

ನಿಲ್ಲಿಸುವ ಆ ಒಂದು ಹನಿಯೇ ಅವರ ಇಡೀ ಉದ್ಯೋಗ. ಅದಕ್ಕಾಗಿ ಬೆಳಗಿನ ಮೊದಲ ಬಸ್ಸು, ಅದಕ್ಕೂ ಮೊದಲು ಮನೆಯ ಅಡುಗೆ, ಹಾಸಿಗೆ ಹಿಡಿದಿರುವ ಅತ್ತೆಯ ಸ್ನಾನ. ನೇರಳೆ ದ್ರಾವಣವನ್ನು ವಾರ ಮುಂಚೆಯೇ ಮಾಡಿ ಕಂದು ಬಾಟಲಿಯಲ್ಲಿ ಮುಚ್ಚಿಡುತ್ತಾರೆ. ಕಬ್ಬಿಣದ್ದನ್ನು ಅದೇ ದಿನ ಬೆಳಿಗ್ಗೆಯೇ ಮಾಡಬೇಕು. ಹಿಂದಿನ ದಿನವೇ ಮಾಡಿಟ್ಟರೆ ಗಾಳಿಯೇ ಅದರಿಂದ ಎಲೆಕ್ಟ್ರಾನ್ ಕಸಿದುಕೊಂಡು ದ್ರಾವಣ ಹಳದಿಗೆ ತಿರುಗುತ್ತದೆ. ತೊಳೆಯಬೇಕಾದ ಬ್ಯುರೆಟ್ಟುಗಳು ಎಪ್ಪತ್ತು. ಮಂಡಿ ಬೇಡವೆನ್ನುತ್ತದೆ, ಸೊಂಟ ಸಾಕೆನ್ನುತ್ತದೆ. ಬೆರಳ ತುದಿಗಳ ಕಂದು ಕಲೆ ಬೇಸಿಗೆ ರಜೆಯಲ್ಲಿ ಮಾತ್ರ ಬಿಡುತ್ತದೆ.

ಪರೀಕ್ಷೆ ಇಲ್ಲದ ದಿನಗಳಲ್ಲಿ ನಗುವೂ ಇರುತ್ತದೆ. ಸತು ಮತ್ತು ತಾಮ್ರದ ಪಟ್ಟಿಗಳನ್ನು ಎರಡು ಲೋಟಗಳಲ್ಲಿ ನಿಲ್ಲಿಸಿ ವಿದ್ಯುತ್ ಹುಟ್ಟಿಸುವ ಪ್ರಯೋಗದಲ್ಲಿ, ನಡುವೆ ಉಪ್ಪಿನ ಸೇತುವೆ ಇಡಲು ಪ್ರತಿ ವರ್ಷವೂ ಯಾರಾದರೂ ಮರೆಯುತ್ತಾರೆ. ಉಪ್ಪಿನ ಲೋಳೆ ತುಂಬಿದ ಬಾಗಿದ ಗಾಜಿನ ಕೊಳವೆ ಅದು.

“ಅಕ್ಕಾ, ಮೀಟರ್ ಕೆಟ್ಟುಹೋಗಿದೆ, ಮುಳ್ಳು ಅಲ್ಲಾಡ್ತಾನೇ ಇಲ್ಲ!”

“ಮೀಟರಿಗೇನೂ ಆಗಿಲ್ಲ ಕಣಪ್ಪ. ಗೋಡೆಯ ಆಚೆಗೊಬ್ಬರನ್ನ ಈಚೆಗೊಬ್ಬರನ್ನ ಕೂರಿಸಿದ್ದೀರಿ, ಮಧ್ಯ ಬಾಗಿಲೇ ಇಟ್ಟಿಲ್ಲ. ಮಾತು ಎಲ್ಲಿಂದ ನಡೆಯತ್ತೆ?”

ಕೊಳವೆ ಇಟ್ಟೊಡನೆ ಮುಳ್ಳು ಎದ್ದು ನಿಲ್ಲುತ್ತದೆ. ಇಡೀ ತಂಡ ಹೋ ಎನ್ನುತ್ತದೆ.

ಇಂದು ಬೆಳಗಿನ ರೀಡಿಂಗಿನಲ್ಲಿ ಆ ನಗು ಇಲ್ಲ. ಮೊದಲನೆಯದು ಹತ್ತು ಪಾಯಿಂಟ್ ಎರಡು ಮಿಲಿಲೀಟರ್ ಬಂದಿದೆ. ಎರಡನೆಯದು ಹತ್ತು ಪಾಯಿಂಟ್ ಐದು. ಈಗ ಮೂರನೆಯದು, ಬೆಳ್ಳನೆಯ ಟೈಲಿನ ಮೇಲೆ ಸೀಸೆ ಇಟ್ಟು, ಮೂಗು ತಾಗುವಷ್ಟು ಬಗ್ಗಿ ನೋಡಿದ ಮೇಲೂ ಹತ್ತು ಪಾಯಿಂಟ್ ಏಳು. ಇಪ್ಪತ್ತಾರು ವರ್ಷ ಅವರ ಮೂರು ರೀಡಿಂಗುಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದಿವೆ. ಅಳತೆ ತಪ್ಪಿಲ್ಲ, ದ್ರಾವಣ ಕೆಟ್ಟಿಲ್ಲ, ಬ್ಯುರೆಟ್ಟು ಸೋರುತ್ತಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡಿದ್ದಾಗಿದೆ. ಉಳಿದಿರುವುದು ಒಂದೇ.

ಹೋದ ತಿಂಗಳು ದರ್ಜಿ ಕೆಲಸ ಮಾಡುವ ಗಂಡ ಹೊಲಿಗೆ ಯಂತ್ರದ ಮುಂದೆ ಕೂತು ದಾರದ ಉಂಡೆ ಕೇಳಿದ್ದರು. “ಗುಲಾಬಿ ಅಂದ್ರೆ ಬಿಳಿ ಕೊಡ್ತೀಯಲ್ಲೇ,” ಎಂದು ನಕ್ಕರು. ಮಲಗಿದಲ್ಲಿಂದಲೇ ಅತ್ತೆ ಸೇರಿಸಿದರು: “ದಿನವೆಲ್ಲ ಬಣ್ಣದ ನೀರು ಕಾಯೋಳಿಗೆ ಬಣ್ಣ ಗೊತ್ತಾಗಲ್ವಂತೆ!” ಅಕ್ಕನೂ ನಕ್ಕಿದ್ದರು. ಮರುವಾರ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಳು ಬಣ್ಣಗಳು ಮಂಕಾಗಿ ಕಾಣುತ್ತವೆ ಎಂದರು. ಗುಲಾಬಿ ತಡವಾಗಿ ಕಂಡರೆ ಹನಿಗಳು ಹೆಚ್ಚು ಬೀಳುತ್ತವೆ, ಅಂಕಿ ಏರುತ್ತದೆ. ಆ ಚೀಟಿ ಅಕ್ಕನ ಪರ್ಸಿನಲ್ಲಿದೆ, ಮನೆಯಲ್ಲಿ ಯಾರೂ ನೋಡಿಲ್ಲ. ಕಾಲೇಜಿಗೆ ಗೊತ್ತಾದರೆ ಕಡತದ ಕೋಣೆಗೆ ಹಾಕುತ್ತಾರೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ.

ಅದಕ್ಕಿಂತ ಹೆಚ್ಚು ಕೊರೆಯುತ್ತಿರುವುದು ಬೇರೆ. ಎರಡು ವಾರದ ಹಿಂದೆ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಮೂಲೆಯ ಮೇಜಿನ ಉದ್ದ ಜಡೆಯ ಹುಡುಗಿ ಮೂರು ಸಲವೂ ಒಂದೇ ಅಂಕಿ ತಂದಳು. ಅದು ಅಕ್ಕನ ಅಂಕಿಗಿಂತ ಕಡಿಮೆಯಿತ್ತು, ಅಂಕ ಅರ್ಧ ಹೋಯಿತು.

“ಮೇಡಂ, ನಂಗೆ ಗುಲಾಬಿ ಕಾಣ್ತು, ನಿಲ್ಲಿಸಿದೆ,” ಎಂದಳು ಹುಡುಗಿ.

“ಅಕ್ಕನಿಗಿಂತ ನಿನ್ನ ಕಣ್ಣು ಚುರುಕಾ?” ಎಂದರು ಮೇಡಂ. ತರಗತಿ ಗೊಳ್ಳೆಂದಿತು.

ಅಕ್ಕನೂ ಆಗ “ಅವಸರ ಮಾಡ್ಬಾರದು ಕಣಮ್ಮ” ಎಂದಿದ್ದರು. ಆಮೇಲೆ ಆ ಹುಡುಗಿ ಲ್ಯಾಬಿನಲ್ಲಿ ಬಾಯಿ ಬಿಡಲಿಲ್ಲ.

ಎಂಟೂಮುಕ್ಕಾಲಿಗೆ ಮೇಡಂ ಉತ್ತರ ಪತ್ರಿಕೆಗಳ ಕಟ್ಟು ಹೊತ್ತು ಬರುತ್ತಾರೆ. ಹೊರಗೆ ಮೆಟ್ಟಿಲ ಮೇಲೆ ಮಕ್ಕಳ ಗುಸುಗುಸು. ಅಕ್ಕನ ಎಡ ಅಂಗೈಯಲ್ಲಿ ಚೀಟಿ ಇದೆ. ಮೂರಕ್ಕೂ ನಡುವಿನದೆಂದು ಹತ್ತು ಪಾಯಿಂಟ್ ಐದು ಎಂದು ಬರೆದಾಗಿದೆ. ಕೊಟ್ಟರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಅರವತ್ತನಾಲ್ಕು ಮಕ್ಕಳ ತಪ್ಪುಒಪ್ಪು ಅದರ ಮೇಲೆ ನಿಲ್ಲುತ್ತದೆ.

“ಅಕ್ಕಾ, ಎಷ್ಟಿಟ್ಕೊಳ್ಳಲಿ?”

ಅಕ್ಕ ತೊಟ್ಟಿಯ ಕಡೆಗೆ ತಿರುಗಿ ನಲ್ಲಿ ಬಿಡುತ್ತಾರೆ. ಅಂಗೈಯಲ್ಲಿದ್ದ ಕಾಗದ ನೆನೆದು, ಮುದ್ದೆಯಾಗಿ, ಬೆರಳ ಸಂದಿನಿಂದ ಜಾರುತ್ತದೆ.

“ಈ ಸಲ ನೀವೇ ತಗೊಳ್ಳಿ ಮೇಡಂ. ಇನ್ನೂ ಹತ್ತು ಬ್ಯುರೆಟ್ ತೊಳೆಯೋದು ಬಾಕಿ.”

“ಅಯ್ಯೋ, ಕೊನೇ ಗಳಿಗೇಲಿ ನನ್ನ ತಲೆಗೆ ಕಟ್ಟಿದ್ರಲ್ಲ!” ಮೇಡಂ ಗೊಣಗುತ್ತಲೇ ಕೋಟು ಏರಿಸುತ್ತಾರೆ. ಅಕ್ಕ ಬೆನ್ನು ತಿರುಗಿಸಿ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ, ತಿರುಪಿನ ಸದ್ದಿಗೆ ಕಿವಿ ಕೊಡುತ್ತಾರೆ. ಒಂದು ಸಲ. ಎರಡು. ಮೂರು.

“ಒಂಬತ್ತು ಪಾಯಿಂಟ್ ಒಂಬತ್ತು. ಮೂರಕ್ಕೂ ಅದೇ.” ಮೇಡಂ ಬರೆದುಕೊಳ್ಳುತ್ತಾರೆ. “ನೀವು ನೋಡಿರ್ಲಿಲ್ವಾ? ನಿಮ್ದೆಷ್ಟು ಬಂತು?”

“ನಾನು ಇವತ್ತು ತಗೊಂಡಿಲ್ಲ ಮೇಡಂ,” ಎನ್ನುತ್ತಾರೆ ಅಕ್ಕ, ಸೆರಗಿಗೆ ಕೈ ಒರೆಸುತ್ತ. ಆಮೇಲೆ, ಬಾಗಿಲ ಚಿಲಕ ತೆಗೆಯಲು ಹೊರಟವರು ಒಂದು ಕ್ಷಣ ನಿಲ್ಲುತ್ತಾರೆ. “ದ್ರಾವಣ ಮಾತ್ರ ಸರಿಯಾಗಿದೆ. ಅದಕ್ಕೆ ನಾನು ಜವಾಬ್ದಾರಿ.”